ಎಡಗೈಯಲ್ಲಿ ಫೋನು

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗೋ ಬೂದಿ ಬುಧವಾರದ ಪೂಜೆಯಲ್ಲಿ ನಾವು ಪ್ರತಿ ವರ್ಷ ಕೇಳೋದು ಒಂದೇ ಪಾಠ, ಬೈಬಲಿನ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ. ದಾನ ಕೊಡುವಾಗ ತುತ್ತೂರಿ ಊದಿಸಬೇಡ. ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡು. ಉಪವಾಸ ಇದ್ದರೆ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೋ, ಜನಕ್ಕೆ ಗೊತ್ತಾಗಬಾರದು. ಎಲ್ಲರೂ ತಲೆ ತಗ್ಗಿಸಿ ಕೇಳುತ್ತೇವೆ. ಆಮೇಲೆ ಹಣೆಗೆ ಬೂದಿ ಹಚ್ಚಿಸಿಕೊಂಡು ಹೊರಗೆ ಬಂದವರೇ, ಬೆಳಕು ಚೆನ್ನಾಗಿರೋ ಕಡೆ ನಿಂತು, ಶಿಲುಬೆ ಗುರುತು ಸರಿಯಾಗಿ ಕಾಣೋ ಹಾಗೆ ಮುಖ ವಾರೆ ಮಾಡಿ ಒಂದು ಸೆಲ್ಫಿ. ಕೆಳಗೆ 'ನಾನು ಬರೀ ಮಣ್ಣು' ಅಂತ ಒಂದು ಸಾಲು. ಮಣ್ಣಿಗೆ ಫಿಲ್ಟರ್ ಬೇರೆ!

ನಮ್ಮ ಹುಡುಗನೊಬ್ಬ ತಪಸ್ಸುಕಾಲದ 40 ದಿನ ಇನ್‌ಸ್ಟಾಗ್ರಾಮ್ ಮುಟ್ಟಲ್ಲ ಅಂತ ಇನ್‌ಸ್ಟಾಗ್ರಾಮಲ್ಲೇ ಉದ್ದಕ್ಕೆ ಬರೆದ. ಮಾರನೇ ದಿನ ಬೆಳಗ್ಗೆಯೇ ಬಂದ. ಲೈಕ್ ಎಣಿಸಬೇಕಲ್ವಾ, ಪಾಪ.

ಮೈಸೂರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನ ಹತ್ತಿರ ಹೋಗಿ ನೋಡಿ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು, ಗೋಪುರ 175 ಅಡಿ. ಕತ್ತೆತ್ತಿ ನೋಡಿದರೆ ನಾವೆಷ್ಟು ಚಿಕ್ಕವರು ಅಂತ ತಾನಾಗೇ ಗೊತ್ತಾಗುತ್ತೆ. ಈಗ ಯಾರೂ ಕತ್ತೆತ್ತಲ್ಲ, ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಫೋನಲ್ಲಿ ಅವರ ಮುಖವೇ ಗೋಪುರಕ್ಕಿಂತ ದೊಡ್ಡದು. 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರೇ ಬೇಜಾರು ಮಾಡಿಕೊಂಡಿದ್ದರು. ಪೂಜೆಯಲ್ಲಿ ಗುರುಗಳು ಹೃದಯ ಮೇಲಕ್ಕೆತ್ತಿ ಅಂತಾರೆ, ಫೋನ್ ಎತ್ತಿ ಅನ್ನಲ್ಲ ಅಂತ. ಆ ಮಾತನ್ನು ಎಷ್ಟು ಜನ ಫೋನಲ್ಲಿ ಹಿಡಿದರೋ!

ಇನ್ನು ದಾನದ ಕಥೆ. ಕ್ರಿಸ್‌ಮಸ್ ಹಿಂದಿನ ವಾರ ಮಂಡ್ಯದ ಕಡೆ ಒಂದು ಹಳ್ಳಿಗೆ ರೇಷನ್ ಕಿಟ್ ಹಂಚೋಕೆ ಹೋಗಿದ್ದೆವು. ಐದು ಕೆಜಿ ಅಕ್ಕಿ, ಒಂದು ಪ್ಯಾಕೆಟ್ ಎಣ್ಣೆ, ಬೇಳೆ, ಸಕ್ಕರೆ. ಚೀಲದ ಮೇಲೆ ದಾನಿಗಳ ಫೋಟೋ, ಅಕ್ಕಿಗಿಂತ ಮೊದಲು ಅದೇ ಕಾಣಬೇಕು. ಒಂದು ಚೀಲಕ್ಕೆ ಒಂಬತ್ತು ಕೈ. ಇಸ್ಕೊಳ್ಳೋ ಅಜ್ಜಿಗೆ ಹಿಡಿಯೋಕೆ ಜಾಗವೇ ಇರಲಿಲ್ಲ, ಸುಮ್ನೆ ಚೀಲದ ಮೂಲೆ ಮುಟ್ಟಿಕೊಂಡು ನಿಂತಿದ್ದರು. ಅಷ್ಟರಲ್ಲಿ ವಿಡಿಯೋ ಮಾಡುತ್ತಿದ್ದವನು ಕೂಗಿದ.

'ಅಜ್ಜಿ, ರೆಕಾರ್ಡ್ ಆಗಿಲ್ಲ. ಚೀಲ ವಾಪಸ್ ಕೊಡಿ, ಇನ್ನೊಂದ್ಸಲ ಕೊಡ್ತೀವಿ. ಈ ಸಲ ಸ್ವಲ್ಪ ನಗಿ.'

ಅಜ್ಜಿ ಚೀಲ ಬಿಡಲಿಲ್ಲ. 'ಅಲ್ಲ ಕಣಪ್ಪ, ಇನ್ನೊಂದ್ಸಲ ಅಂದ್ರೆ ಇನ್ನೊಂದು ಚೀಲವಾ, ಇದೇನಾ?'

ಇದೇ ಚೀಲ ಅಂತ ಹೇಳಿ ಒಪ್ಪಿಸೋಕೆ ಹತ್ತು ನಿಮಿಷ ಹಿಡಿಯಿತು. ಮೂರನೇ ಸಲಕ್ಕೆ ನಕ್ಕರು. ನಮ್ಮನ್ನು ನೋಡಿಯೇ ನಕ್ಕಿದ್ದು ಅಂತ ನನ್ನ ಅನುಮಾನ.

ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಲೂ ಅದೇ ಅಧ್ಯಾಯದಲ್ಲಿ ಇದೆ. ನಮ್ಮ ಎಡಗೈಗೆ ಗೊತ್ತಾಗದೇ ಇರುತ್ತಾ? ಫೋನ್ ಹಿಡಿದಿರೋದೇ ಅದು.

ಅವತ್ತಿನ ವಿಡಿಯೋದಲ್ಲಿ ನನ್ನ ಮೊಣಕೈ ಮಾತ್ರ ಬಂದಿದೆ. ನಾಲ್ಕು ಸಲ ನೋಡಿದೆ. ಆಮೇಲೆ ಸ್ಟೇಟಸ್‌ಗೂ ಹಾಕಿದೆ.