ಪ್ಲೇಟ್ ಹೊಸದು, ಆಯಿಲ್ ಅಳಿಯನದು

ಹೋದ ತಿಂಗಳು ಬೈಕಿನಲ್ಲಿ ಲೋಕಾಪುರ ದಾಟಿ ಮುಧೋಳದ ಕಡೆ ಹೊರಟಿದ್ದೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್. ಎರಡು ಟ್ರೇಲರ್, ಎರಡೂ ಕಡೆ ಚಾಚಿಕೊಂಡ ಕಬ್ಬು, ಮೇಲಿಂದ ಕಿವಿ ಹರಿಯುವಂಥ ಹಾಡು. ಹಂಗಾಮಿನಲ್ಲಿ ನಮ್ಮ ಬಾಗಲಕೋಟೆ ಕಡೆ ಗಾಡಿ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರಿಗೆ ಖಾಲಿ ಕಂಡಿತು, ಬಲಕ್ಕೆ ತೆಗೆದು ರೇಸ್ ಕೊಟ್ಟೆ. ಎಂಜಿನ್ ಕೂಗಿತು. ಗಾಡಿ ಮಾತ್ರ ಎಳೆಯಲೇ ಇಲ್ಲ. ಹಿಂದಿನ ಟ್ರೇಲರಿನ ಪಕ್ಕದಲ್ಲೇ ನಾನು, ಎದುರಿಗೆ ಬಸ್ಸು. ರೇಸ್ ಬಿಟ್ಟು ಮತ್ತೆ ಟ್ರ್ಯಾಕ್ಟರಿನ ಹಿಂದೆ ಬಂದು ಸೇರಿಕೊಂಡೆ. ಕೈ ನಡುಗುತ್ತಿತ್ತು.

ಸಿಟ್ಟು ಯಾಕೆ ಬಂತು ಅಂದ್ರೆ, ಎಂಜಿನ್ನಿನ ಎಳೆತವನ್ನು ಗೇರಿಗೆ ದಾಟಿಸುವ ಆ ಕ್ಲಚ್ ಪ್ಲೇಟ್ ಹಾಕಿ ಒಂಬತ್ತೇ ದಿನ ಆಗಿತ್ತು. ಹಾಕಿದ್ದು ನಾನೇ, ನವನಗರದ ನಮ್ಮ ಮನೆಯ ಅಂಗಳದಲ್ಲಿ.

ನಾನು ಹೊಲಗಳಿಗೆ ಡ್ರಿಪ್ ಪೈಪ್ ಹಾಕಿಸುವ ಕೆಲಸದವನು. ದಿನಕ್ಕೆ ನೂರು ಕಿಲೋಮೀಟರ್ ಓಡಾಟ ಮಾಮೂಲು. 150 ಸಿಸಿ ಗಾಡಿ, 40 ಸಾವಿರ ಕಿಲೋಮೀಟರ್ ದಾಟಿತ್ತು. ಪೇಟೆಯೊಳಗೆ ಎರಡು ಬೆರಳು ಸದಾ ಕ್ಲಚ್ ಮೇಲೇ ಇಟ್ಟು ಓಡಿಸುವ ಕೆಟ್ಟ ಚಾಳಿ ನನ್ನದು, ಪ್ಲೇಟ್ ಸವೆದಿತ್ತು. ಗ್ಯಾರೇಜಿಗೆ ಕೊಟ್ಟರೆ ಒಂದು ದಿನದ ದುಡಿಮೆ ಹೋಗುತ್ತದೆ ಅಂತ ಭಾನುವಾರ ಮನೆಯಲ್ಲೇ ಕೂತೆ. ಆಯಿಲ್ ಇಳಿಸಿ, ಕಿಕ್ಕರ್ ಬಿಚ್ಚಿ, ಬಲಗಡೆಯ ಕವರ್ ತೆಗೆದೆ. ನಾಲ್ಕು ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿದೆ. ಹಳೇ ಪ್ಯಾಕಿಂಗನ್ನು ಬ್ಲೇಡಿನಿಂದ ಕೆರೆಯುವುದಕ್ಕೇ ಒಂದು ತಾಸು ಹಿಡಿಯಿತು. ಅಷ್ಟು ಚೊಕ್ಕ ಕೆಲಸ ಮಾಡಿದವನು ನಾನು.

ಹಿಂದಿನ ರಾತ್ರಿ ಹೊಸ ಪ್ಲೇಟುಗಳನ್ನು ಆಯಿಲ್‌ನಲ್ಲಿ ನೆನೆಯಲು ಇಟ್ಟಿದ್ದೆ. ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೈಕಿನ ಕ್ಲಚ್ ಆಯಿಲ್ ಒಳಗೇ ಮುಳುಗಿ ತಿರುಗುವಂಥದ್ದು. ಪೊಟ್ಟಣದಿಂದ ತೆಗೆದ ಒಣ ಪ್ಲೇಟನ್ನು ಹಾಗೇ ಹಾಕಿದರೆ ಮೊದಲ ಸಲ ತಿಕ್ಕಿದಾಗಲೇ ಸುಡಬಹುದು. ಅದಕ್ಕೇ ಮೊದಲು ನೆನೆಸಬೇಕು. ಮನೆಯವಳ ಹಳೇ ಪರಾತದಲ್ಲಿ ನೆನೆಸಿದ್ದೆ. ಆ ಪರಾತದ ಬಗ್ಗೆ ಮನೆಯಲ್ಲಿ ಇನ್ನೂ ಮಾತುಕತೆ ಮುಗಿದಿಲ್ಲ.

ಲೋಕಾಪುರದಿಂದ ವಾಪಸ್ ಬಂದವನೇ ಮಾಡಿದ ಮೊದಲ ಕೆಲಸ ಲಿವರಿನಿಂದ ಕ್ಲಚ್‌ಗೆ ಹೋಗುವ ಕೇಬಲ್ ಟೈಟ್ ಮಾಡಿದ್ದು. ಪ್ಲೇಟ್ ಹಾಕಿದ ದಿನ ಲಿವರ್ ಸಡಿಲ ಅನ್ನಿಸಿ ಒಮ್ಮೆ ಎಳೆದಿದ್ದೆ. ಈಗ ಇನ್ನೊಮ್ಮೆ ಎಳೆದೆ. ಕ್ಲಚ್ ಜಾರುತ್ತಿದೆ ಅಂದ್ರೆ ಸಡಿಲ ಆಗಿದೆ, ಸಡಿಲ ಆಗಿದ್ದರೆ ಬಿಗಿ ಮಾಡಬೇಕು. ನನ್ನ ತಲೆ ಓಡಿದ್ದು ಹೀಗೆ. ಇದು ಪೂರ್ತಿ ಉಲ್ಟಾ! ಲಿವರ್ ಎಳೆದರೆ ಪ್ಲೇಟುಗಳು ಬೇರೆಯಾಗುತ್ತವೆ, ಬಿಟ್ಟರೆ ಸ್ಪ್ರಿಂಗ್ ಅವನ್ನು ಒತ್ತಿ ಹಿಡಿಯುತ್ತದೆ. ಕೇಬಲ್ ಬಿಗಿ ಇದ್ದರೆ ಲಿವರನ್ನು ಯಾರೋ ಸದಾ ಸ್ವಲ್ಪ ಎಳೆದು ಹಿಡಿದ ಹಾಗೆ. ಸ್ಪ್ರಿಂಗಿಗೆ ಪೂರ್ತಿ ಒತ್ತಲು ಬಿಡುವುದೇ ಇಲ್ಲ. ಅಂದರೆ ಗುಣ ಮಾಡಲು ಹೋಗಿ ರೋಗಕ್ಕೆ ಮೇವು ಹಾಕಿದೆ.

ಮರುದಿನ ಇನ್ನೂ ಜಾಸ್ತಿ ಜಾರತೊಡಗಿತು. ಈಗ ನನಗೆ ಕಳ್ಳ ಸಿಕ್ಕ: ಪ್ಲೇಟ್ ಡೂಪ್ಲಿಕೇಟ್. ಸಾಮಾನು ಕೊಂಡ ಅಂಗಡಿಗೆ ಹೋಗಿ ನಾಲ್ಕು ಜನರ ಮುಂದೆ ಜಗಳ ಆಡಿದೆ. ಅವನು "ಅಣ್ಣಾರ, ಇದೇ ಪ್ಲೇಟ್ ದಿನಾ ಕೊಡತೀನ್ರಿ, ಯಾರೂ ಹಿಂಗ ಅಂದಿಲ್ಲ" ಅಂದ. ನಾನು ಕೇಳಲಿಲ್ಲ. ಬೇರೆ ಅಂಗಡಿಯಲ್ಲಿ ಇನ್ನೊಂದು ಸೆಟ್ ಕೊಂಡೆ. ಎಂಟುನೂರು ಚಿಲ್ಲರೆ ಹೋಯಿತು.

ಪಕ್ಕದ ಮನೆಯ ಕಾಕಾ ಗೇಟಿಗೆ ಒರಗಿ ನಿಂತಿದ್ದರು. "ನಿನಗ್ಯಾಕ ಬೇಕಿತ್ತಪಾ ಈ ಉಸಾಬರಿ? ಗ್ಯಾರೇಜಿನವ್ರು ಮತ್ತ ಯಾಕಿದಾರ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಎರಡನೇ ಸೆಟ್ ಹಾಕುವ ಮುಂಚೆ ಕಲಾದಗಿಯಲ್ಲಿ ಒಂದು ದಾಳಿಂಬೆ ತೋಟದ ಕೆಲಸ ಇತ್ತು. ಅಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ, ನಾವೆಲ್ಲ ಚಾಚಾ ಅಂತೀವಿ. ಹೋಗಿ ಹೇಳಿದೆ. ಅವರು ಪಾನಾ ಮುಟ್ಟಲಿಲ್ಲ. ಲಿವರಿನ ತುದಿಯನ್ನು ಒಂದು ಬೆರಳಿನಿಂದ ಅಲ್ಲಾಡಿಸಿದರು. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿ ಅಲ್ಲಾಡಿಸಿದರು, ಬಲಕ್ಕೆ ತಿರುಗಿಸಿ ಅಲ್ಲಾಡಿಸಿದರು. "ಪ್ಲೇ ಎಲ್ಲೈತ್ರೀ ಸರ್ರ? ಪೂರಾ ಕುತ್ತಿಗಿ ಹಿಚುಕೀರಿ ಇದರದ" ಅಂದರು. ಪ್ಲೇ ಅಂದರೆ ಆಟ, ಕೇಬಲ್ ಬಿಗಿಯಾಗುವ ಮುಂಚೆ ಲಿವರ್ ಸುಮ್ಮನೆ ಅಲ್ಲಾಡುವಷ್ಟು ಸಡಿಲ. ಲಿವರಿನ ತುದಿಯಲ್ಲಿ ಅದು 10ರಿಂದ 20 ಮಿಲಿಮೀಟರ್ ಇರಬೇಕು, ಸುಮಾರು ಒಂದು ಬೆರಳಿನ ದಪ್ಪ. ಹ್ಯಾಂಡಲ್ ತಿರುಗಿಸಿದಾಗ ಆ ಆಟ ಮಾಯವಾದರೆ ಕೇಬಲ್ ಹಾದುಹೋಗುವ ದಾರಿಯೇ ತಪ್ಪಿದೆ ಅಂತ ಅರ್ಥ. ನನ್ನದರಲ್ಲಿ ದಾರಿ ಸರಿ ಇತ್ತು, ಆಟ ಮಾತ್ರ ಸೊನ್ನೆ. ಎರಡು ನಿಮಿಷದಲ್ಲಿ ಕೇಬಲ್ ಸಡಿಲ ಮಾಡಿ ಕೊಟ್ಟರು.

ಆಮೇಲೆ ರಸ್ತೆಗೆ ಕಳಿಸಿದರು. ಟಾಪ್ ಗೇರಿನಲ್ಲಿ 45ರ ಹತ್ತಿರ ಹೋಗುತ್ತಾ ಒಮ್ಮೆಲೇ ಪೂರ್ತಿ ರೇಸ್ ಕೊಡು ಅಂದರು. ಎಂಜಿನ್ ಸದ್ದು ಏರಿ ಗಾಡಿ ಅಷ್ಟೇ ವೇಗದಲ್ಲಿ ಇದ್ದರೆ ಕ್ಲಚ್ ಜಾರುತ್ತಿದೆ ಅಂತ. ಸಣ್ಣ ಗೇರಿನಲ್ಲಿ ಇದು ಗೊತ್ತಾಗುವುದಿಲ್ಲ, ಅಲ್ಲಿ ಎಂಜಿನ್ ಮೇಲೆ ಹೊರೆ ಕಮ್ಮಿ. ಗಾಡಿ ಬಿಸಿಯಾಗಿಯೂ ಇರಬೇಕು. ನಾನು ಭಾನುವಾರ ನವನಗರದ ಸೆಕ್ಟರ್ ರಸ್ತೆಯಲ್ಲಿ ತಣ್ಣನೆ ಗಾಡಿಯನ್ನು ಎರಡು ಸುತ್ತು ಹೊಡೆದು ಮೀಸೆ ತಿರುವಿದ್ದೆ. ಅದು ಪರೀಕ್ಷೆಯೇ ಅಲ್ಲ.

ಜಾರುವುದು ಕಮ್ಮಿ ಆಗಿತ್ತು, ನಿಂತಿರಲಿಲ್ಲ. ವಾಪಸ್ ಬಂದಾಗ ಚಾಚಾ ಕೇಳಿದ್ದು ಒಂದೇ ಪ್ರಶ್ನೆ. "ಆಯಿಲ್ ಯಾವ್ದು ಹಾಕೀರಿ?"

ನಾನು ಸುಮ್ನೆ ನಿಂತೆ. ಅಕ್ಕನ ಮಗ ಹೊಸ ಕಾರ್ ತಗೊಂಡಿದ್ದಾನೆ. ಅವನ ಕಾರಿನ ಸರ್ವಿಸಿನಲ್ಲಿ ಉಳಿದ ಆಯಿಲ್ ಡಬ್ಬಿ ನಮ್ಮ ಮನೆಯಲ್ಲಿತ್ತು. 5ಡಬ್ಲ್ಯೂ-30 ದರ್ಜೆಯ ದುಬಾರಿ ಮಾಲು, ಒಂದು ಲೀಟರಿಗಿಂತ ಜಾಸ್ತಿಯೇ ಇತ್ತು. ಅಷ್ಟು ಒಳ್ಳೆ ಆಯಿಲ್ ಕೆಡಿಸುವುದು ಯಾಕೆ ಅಂತ ಅದನ್ನೇ ಹೊಯ್ದಿದ್ದೆ. ರಾತ್ರಿಯೆಲ್ಲ ಪ್ಲೇಟ್ ನೆನೆಸಿದ್ದೂ ಅದರಲ್ಲೇ. ನೆನೆಸಬೇಕು ಅನ್ನುವ ನಿಯಮ ಪಾಲಿಸಿದ್ದೇ ನನಗೆ ಮುಳುವಾಯಿತು. ಪ್ಲೇಟು ಅದನ್ನು ಹೊಟ್ಟೆ ತುಂಬಾ ಕುಡಿದುಬಿಟ್ಟಿತ್ತು.

ಕಾರಿನ ಕ್ಲಚ್ ಆಯಿಲ್‌ನ ಹೊರಗೆ ಒಣಗಿರುತ್ತದೆ. ಹಾಗಾಗಿ ಕಾರ್ ಆಯಿಲ್‌ನಲ್ಲಿ ತಿಕ್ಕಾಟ ಕಮ್ಮಿ ಮಾಡಿ ಪೆಟ್ರೋಲ್ ಉಳಿಸುವ ವಸ್ತು ಸೇರಿಸಿದರೂ ಅದರ ಕ್ಲಚ್‌ಗೆ ಏನೂ ಆಗುವುದಿಲ್ಲ. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಅದೇ ಆಯಿಲ್. ಕ್ಲಚ್‌ಗೆ ತಿಕ್ಕಾಟವೇ ಬೇಕು. ಅಲ್ಲಿಗೆ ಇದನ್ನು ಹಾಕುವುದು ಬಚ್ಚಲ ಕಲ್ಲಿಗೆ ಸಾಬೂನು ನೀರು ಹೊಯ್ದು ಗಟ್ಟಿಯಾಗಿ ನಿಲ್ಲು ಅಂದ ಹಾಗೆ. ಎಲ್ಲ ಕಾರ್ ಆಯಿಲ್ಲೂ ಹೀಗೆ ಮಾಡುವುದಿಲ್ಲ. ಕೆಲವರು ಹಾಕಿ ಏನೂ ಆಗದೆ ಓಡಿಸಿರಬಹುದು. ನನ್ನದು ಆಯಿತು.

ಇದಕ್ಕೆ ಜಪಾನಿನವರು 1998ರಲ್ಲೇ ಬೇರೆ ಗುರುತು ಮಾಡಿಟ್ಟಿದ್ದಾರೆ, ಜಾಸೊ ಅಂತ. ಡಬ್ಬಿಯ ಹಿಂದೆ ಎಂಎ ಅಥವಾ ಎಂಎ2 ಅಂತ ಇದ್ದರೆ ಗೇರಿನ ಬೈಕಿಗೆ ಸರಿ. ಎಂಬಿ ಅಂತ ಇದ್ದರೆ ಅದು ಜಾರುವ ಜಾತಿಯದು, ಗೇರಿಲ್ಲದ ಸ್ಕೂಟರಿಗೆ. ಸ್ಕೂಟರಿನ ಕ್ಲಚ್ ಬೆಲ್ಟಿನ ಡಬ್ಬಿಯೊಳಗೆ ಒಣಗಿರುತ್ತದೆ, ಅದಕ್ಕೆ ನಡೆಯುತ್ತದೆ. ನನ್ನ ಸಿಟ್ಟು ಇರುವುದು ಇಲ್ಲಿ. ಮುಂದೆ ದೊಡ್ಡದಾಗಿ ಓಡುವ ಬೈಕಿನ ಚಿತ್ರ, ಬೇಕಾದ ಎರಡು ಅಕ್ಷರ ಹಿಂದೆ ಇರುವೆ ಸಾಲಿನ ಹಾಗೆ. ಅಂಗಡಿಯಲ್ಲಿ "ಟೂ ವೀಲರ್ ಆಯಿಲ್ ಕೊಡ್ರಿ" ಅಂದರೆ ಸ್ಕೂಟರೋ ಬೈಕೋ ಅಂತ ಕೇಳುವವರು ಎಷ್ಟು ಜನ? ಎಷ್ಟೋ ಕಡೆ ಡ್ರಮ್ಮಿನಿಂದ ಲೂಸ್ ಆಯಿಲ್ ಹೊಯ್ಯುತ್ತಾರೆ. ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ.

ಅದಕ್ಕೇ ಕಾಕಾ ಮಾತನ್ನು ನಾನು ಈಗಲೂ ಒಪ್ಪುವುದಿಲ್ಲ. ಮನೆಯಲ್ಲಿ ಬಿಚ್ಚಿದ್ದು ತಪ್ಪಲ್ಲ. ಬಿಚ್ಚಿದ್ದು, ಕೂಡಿಸಿದ್ದು ಎಲ್ಲ ಸರಿ ಇತ್ತು. ತಪ್ಪಿದ್ದು ಕೇಬಲ್ ಎಳೆದದ್ದರಲ್ಲಿ, ಪುಕ್ಕಟೆ ಆಯಿಲ್ ಆಸೆಯಲ್ಲಿ, ಆಮೇಲೆ ಅಂಗಡಿಯವನ ಮೇಲೆ ಹರಿಹಾಯ್ದದ್ದರಲ್ಲಿ. ಕವರ್ ಬಿಚ್ಚದೆಯೇ ನೋಡಬಹುದಾದ ಎರಡು ವಿಷಯ ಇದ್ದವು, ಲಿವರಿನ ಆಟ ಮತ್ತು ಡಬ್ಬಿಯ ಹಿಂಭಾಗ. ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ. ಗ್ಯಾರೇಜಿಗೆ ಕೊಟ್ಟಿದ್ದರೆ ಯಾವ ಆಯಿಲ್ ಹೋಯಿತು ಅನ್ನುವುದೇ ನನಗೆ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಮಾಡಿದ್ದಕ್ಕೇ ಚಾಚಾನ ಪ್ರಶ್ನೆಗೆ ಉತ್ತರ ಇತ್ತು, ಅಲ್ವಾ?

ಮುಂದಿನ ಭಾನುವಾರ ಮತ್ತೆ ಬಿಚ್ಚಿದೆ. ಪ್ಲೇಟ್ ಸುಟ್ಟು ಕಪ್ಪಾಗಿ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಎಸೆಯಬೇಕು ಅಂತ ಚಾಚಾ ಹೇಳಿದ್ದರು. ನನ್ನವು ಇನ್ನೂ ಚೆನ್ನಾಗಿದ್ದವು. ಅಂಗಳದಲ್ಲೇ, ಒಲೆಯಿಂದ ದೂರ ಕೂತು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದೆ. ನಡುವಿನ ಸ್ಟೀಲ್ ಪ್ಲೇಟುಗಳನ್ನು ಟೀವಿ ಸ್ಟ್ಯಾಂಡಿನ ಗಾಜಿನ ಮೇಲೆ ಒಂದೊಂದಾಗಿ ಇಟ್ಟು ನೋಡಿದೆ. ಬಾಗಿದ್ದರೆ ಅಲ್ಲಾಡುತ್ತವೆ. ಒಂದರಲ್ಲಿ ನೀಲಿ ಕಲೆ ಕಂಡಿತು, ಬಾಗಿರಲಿಲ್ಲ. ಸ್ಪ್ರಿಂಗ್ ನಾಲ್ಕನ್ನೂ ಅಳೆದೆ, ಸೋತು ಗಿಡ್ಡ ಆಗಿರಲಿಲ್ಲ. ಈ ಸಲ ಎಂಎ2 ಆಯಿಲ್‌ನಲ್ಲಿ ರಾತ್ರಿ ನೆನೆಸಿ ಕೂಡಿಸಿದೆ. ಒಳಗೆ ಉಳಿದ ಹಳೇ ಜಿಡ್ಡು ಹೋಗಲಿ ಅಂತ 200 ಕಿಲೋಮೀಟರಿಗೆ ಆಯಿಲ್ ಇನ್ನೊಮ್ಮೆ ಬದಲಿಸಿದೆ. ಗದ್ದನಕೇರಿ ಕ್ರಾಸ್ ದಾಟಿ ಟಾಪ್ ಗೇರಿನಲ್ಲಿ ರೇಸ್ ಕೊಟ್ಟರೆ ಈಗ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಅದೇ "ಡೂಪ್ಲಿಕೇಟ್" ಪ್ಲೇಟ್.

ಅಂಗಡಿಯವನ ಹತ್ತಿರ ಹೋಗಿ ತಪ್ಪಾಯ್ತು ಅಂದೆ. "ಇರಲಿ ಬಿಡ್ರಿ ಅಣ್ಣಾರ" ಅಂದ, ಚಹಾನೂ ತರಿಸಿದ. ನಾಲ್ಕು ಜನರ ಮುಂದೆ ಬೈದಿದ್ದೆ, ಕ್ಷಮೆ ಕೇಳುವಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎರಡನೇ ಸೆಟ್ ಪೊಟ್ಟಣ ಒಡೆಯದೆ ಕಪಾಟಿನಲ್ಲಿದೆ. ಬಾಗಲಕೋಟೆ ಸುತ್ತಮುತ್ತ 150 ಸಿಸಿ ಗಾಡಿಯವರು ಬೇಕಿದ್ದರೆ ಮೆಸೇಜ್ ಮಾಡಿ, ಮಾಡೆಲ್ ಹೇಳುತ್ತೇನೆ. ಅರ್ಧ ಬೆಲೆಗೆ ಕೊಡುತ್ತೇನೆ. ನೆನೆಸಲು ಪರಾತ ಮಾತ್ರ ನಿಮ್ಮದೇ ತನ್ನಿ.