ಮೇಜರ್ ನಂಬರನ್ನ ಕೈಯಿಂದ ಬರೆಸಬೇಡಿ

ಮೈಸೂರು, ಮಂಡ್ಯದ ಕಾಲೇಜು ಲ್ಯಾಬ್‌ಗಳಲ್ಲಿ ಲಿನಕ್ಸ್ ಡ್ರೈವರ್ (ಡಿವೈಸ್‌ಗಳನ್ನ ನಡೆಸೋ ಪ್ರೋಗ್ರಾಂ) ಹೇಳಿಕೊಡೋ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮೊದಲ ಪ್ರೋಗ್ರಾಮಲ್ಲೇ ಮೇಜರ್ ನಂಬರ್ (ಡಿವೈಸ್ ಫೈಲ್ ಯಾವ ಡ್ರೈವರ್‌ಗೆ ಸೇರಿದ್ದು ಅಂತ ಹೇಳೋ ನಂಬರ್) 240 ಅಂತ ಬರೆಸೋದನ್ನ ದಯವಿಟ್ಟು ಬಿಡಿ.

240ರಿಂದ 254ರವರೆಗೆ ಸ್ಥಳೀಯ ಪ್ರಯೋಗಕ್ಕೆ ಅಂತ ಹಿಂದೆ ಕರ್ನಲ್ (ಲಿನಕ್ಸಿನ ತಿರುಳು) ಪಟ್ಟಿಯಲ್ಲೇ ಬಿಟ್ಟಿದ್ದು ನಿಜ. ಆದರೆ "ಯಾವುದಾದರೂ ಕೊಡಿ" ಅಂತ ಬರೋ ಕ್ಯಾರೆಕ್ಟರ್ ಡ್ರೈವರ್‌ಗಳಿಗೆ (ಡೇಟಾನ ಬೈಟ್ ಬೈಟಾಗಿ ಸಾಗಿಸೋವು) ಕರ್ನಲ್ ಹಂಚೋದೂ ಅಲ್ಲಿಂದಲೇ: 254ರಿಂದ ಶುರುಮಾಡಿ 234ರವರೆಗೆ ಇಳಿಯುತ್ತೆ, ಅದೂ ತುಂಬಿದರೆ 511ರಿಂದ 384. ಈಗಿನ ಲ್ಯಾಪ್‌ಟಾಪಲ್ಲಿ ಬೂಟ್ ಆಗೋಷ್ಟರಲ್ಲಿ ಇವುಗಳಲ್ಲಿ ಎಷ್ಟೋ ಜಾಗ ಹೋಗಿರುತ್ತೆ. ಒಬ್ಬಳ ಮೆಷಿನ್‌ನಲ್ಲಿ ಓಡಿದ ಕೋಡ್ ಪಕ್ಕದವಳಲ್ಲಿ 'ಡಿವೈಸ್ ಆರ್ ರಿಸೋರ್ಸ್ ಬ್ಯುಸಿ' ಅಂತ ನಿಂತರೆ ತಪ್ಪು ಆ ಹುಡುಗಿಯದಲ್ಲ. ಯಾವ ಮೇಜರ್ ಯಾರದ್ದು ಅಂತ ಪಟ್ಟಿ ಕೊಡೋ /ಪ್ರಾಕ್/ಡಿವೈಸಸ್ ತೆರೆಸಿ, 240ರ ಮುಂದೆ ಯಾರ ಹೆಸರಿದೆ ಅಂತ ತೋರಿಸಿ.

ಖಾಲಿ ನಂಬರನ್ನ ಕರ್ನಲ್ಲಿಂದಲೇ ಕೇಳಿ ಪಡೆಯೋ ಅಲಾಕ್_ಕ್ಯಾರ್‌ಡೆವ್_ರೀಜನ್ ಫಂಕ್ಷನ್ ಬಳಸಿದರೆ ಈ ಗೋಳೇ ಇಲ್ಲ. ಆಮೇಲೆ ಡ್ರೈವರನ್ನ ಆ ನಂಬರಿಗೆ ಜೋಡಿಸೋ ಸಿಡೆವ್_ಆಡ್, ಡಿವೈಸ್ ಫೈಲ್ ಹುಟ್ಟಿಸೋಕೆ ಕ್ಲಾಸ್_ಕ್ರಿಯೇಟ್, ಡಿವೈಸ್_ಕ್ರಿಯೇಟ್. /ಡೆವ್ ಒಳಗೆ ಫೈಲ್ ತಾನೇ ಬರುತ್ತೆ, ಕೈಯಿಂದ ಫೈಲ್ ಮಾಡೋ ಎಂಕೆನಾಡ್ ಕಮಾಂಡ್ ಬೇಡ. ತೆಗೆಯುವಾಗ ಇದೇ ಸಾಲನ್ನ ಕೊನೆಯಿಂದ ಮೊದಲಿಗೆ ಬಿಚ್ಚಿ. ಸಿಡೆವ್_ಆಡ್ ಜೋಡಣೆ ಬಿಚ್ಚೋ ಸಿಡೆವ್_ಡೆಲ್ ಮರೆತರೆ ಮಾಡ್ಯೂಲ್ (ಕರ್ನಲ್‌ಗೆ ಸೇರಿಸಿದ ಡ್ರೈವರ್ ತುಂಡು) ಹೋದ ಮೇಲೂ ದಾರಿ ಉಳಿದು, ಯಾರಾದರೂ ಆ ಫೈಲ್ ತೆರೆದಾಗ ಕರ್ನಲ್ಲೇ ಎಡವಿ 'ಊಪ್ಸ್' ಎರರ್ ಕೊಡುತ್ತೆ. ಹಳೇ ನೋಟ್ಸ್‌ನವರಿಗೆ ಇನ್ನೊಂದು: ಕರ್ನಲ್ 6.4ರಿಂದ ಕ್ಲಾಸ್_ಕ್ರಿಯೇಟ್‌ಗೆ ಹೆಸರು ಒಂದೇ ಸಾಕು, 'ದಿಸ್_ಮಾಡ್ಯೂಲ್' ಕೊಟ್ಟರೆ ಕಂಪೈಲೇ ಆಗಲ್ಲ.

ಮೇಜರ್ ಅಂದರೆ ಯಾವ ಡ್ರೈವರ್, ಮೈನರ್ ಅಂದರೆ ಅದರ ಕೈಕೆಳಗಿನ ಎಷ್ಟನೇದು. 'ಎಲ್‌ಎಸ್ -ಎಲ್' ಕೊಟ್ಟಾಗ ಫೈಲ್ ಗಾತ್ರದ ಜಾಗದಲ್ಲಿ '8, 17' ಅಂತಿದ್ದರೆ, ಅದು ಡಿಸ್ಕ್ ನಡೆಸೋ ಎಸ್‌ಡಿ ಡ್ರೈವರ್‌ನ ಎರಡನೇ ಡಿಸ್ಕಿನ ಮೊದಲ ಪಾರ್ಟಿಷನ್. ಡಿಸ್ಕಿಗೆ 16 ಮೈನರ್‌ನಂತೆ ಲೆಕ್ಕ, ಎರಡನೇದು 16ರಲ್ಲಿ ಶುರು.

ಬರೀ ನಂಬರನ್ನ ನೆಚ್ಚಿಕೊಳ್ಳೋದರ ಏಟು ಲ್ಯಾಬ್‌ನಾಚೆ ಇನ್ನೂ ಜೋರು. ಮಂಡ್ಯ ಕಡೆ ಕಬ್ಬು ತೂಗೋ ವೇಬ್ರಿಡ್ಜ್ ನೆನೆಸಿಕೊಳ್ಳಿ. ತೂಕದ ಇಂಡಿಕೇಟರ್‌ಗೆ ಒಂದು, ಹೊರಗಿನ ಡಿಸ್‌ಪ್ಲೇ ಬೋರ್ಡಿಗೆ ಒಂದು, ಎರಡು ಯುಎಸ್‌ಬಿ-ಸೀರಿಯಲ್ ಕನ್ವರ್ಟರ್. ಎರಡಕ್ಕೂ ಮೇಜರ್ 188. ಮೈನರ್ ಮಾತ್ರ ಮೊದಲು ಕಂಡದ್ದಕ್ಕೆ 0, ಆಮೇಲಿನದಕ್ಕೆ 1. ಕರೆಂಟ್ ಹೋಗಿ ಬಂದಾಗ ಆ ಸರದಿ ಅದಲುಬದಲಾದರೆ ಪ್ರೋಗ್ರಾಂ ಬೋರ್ಡಿನ ತಂತಿಗೆ ಕಿವಿಗೊಟ್ಟು ಕೂರುತ್ತೆ, ತೂಕ ಬರಲ್ಲ, ಕಬ್ಬಿನ ಗಾಡಿಗಳು ಸಾಲುಗಟ್ಟುತ್ತವೆ.

ಡಿವೈಸ್ ಫೈಲ್‌ಗಳನ್ನ ನೋಡಿಕೊಳ್ಳೋ ಯುಡೆವ್‌ಗೆ ರೂಲ್ ಬರೆದು /ಡೆವ್/ತೂಕ ಅಂತ ಸಿಮ್‌ಲಿಂಕ್ (ಅಡ್ಡಹೆಸರು) ಮಾಡಿಸಿ. ಕನ್ವರ್ಟರ್‌ನಲ್ಲಿರೋದು ಎಫ್‌ಟಿಡಿಐ ಕಂಪನಿಯ ಎಫ್‌ಟಿ232ಆರ್ ಚಿಪ್ಪಾದರೆ ರೂಲಲ್ಲಿ ವೆಂಡರ್ 0403, ಪ್ರಾಡಕ್ಟ್ 6001, ಜೊತೆಗೆ ಸೀರಿಯಲ್ ನಂಬರ್. ಮೂರನ್ನೂ 'ಯುಡೆವ್‌ಎಡಿಎಂ ಇನ್‌ಫೋ' ತೋರಿಸೋ ಒಂದೇ ಪೇರೆಂಟ್ (ಮೇಲಿನ ಹಂತದ ಡಿವೈಸ್) ಕೆಳಗಿಂದ ತೊಗೊಳ್ಳಿ. ಎರಡು ಪೇರೆಂಟಿಂದ ಬೆರೆಸಿದರೆ ರೂಲ್ ಹೊಂದಲ್ಲ, ಎರರ್ರೂ ಬರಲ್ಲ. ಅಗ್ಗದ ಸಿಎಚ್340 ಕನ್ವರ್ಟರ್‌ಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರೇ ಇರಲ್ಲ, ಎರಡೂ ಅವಳಿಜವಳಿ. ಅಲ್ಲಿ /ಡೆವ್/ಸೀರಿಯಲ್/ಬೈ-ಪಾತ್ ಒಳಗಿನ ಹೆಸರನ್ನೇ ಬಳಸಿ. ಅದು ಯುಎಸ್‌ಬಿ ಕಿಂಡಿಯನ್ನ ಗುರುತಿಸುತ್ತೆ, ಕನ್ವರ್ಟರನ್ನಲ್ಲ. ಹಾಗಾಗಿ ಆ ಕಿಂಡಿ ಪಕ್ಕ 'ತೂಕ' ಅಂತ ಚೀಟಿ ಅಂಟಿಸಿ, ಗುಡಿಸೋವಾಗ ಕೇಬಲ್ ಕಿತ್ತವರು ಅಲ್ಲಿಗೇ ಚುಚ್ಚಲಿ.