ರೊಟ್ಟಿ ತಟ್ಟೋ ಸದ್ದು

ನನ್ನ ತಂಗಿಯ ಮಗನಿಗೆ ಈಗ ನಾಲ್ಕೂವರೆ ವರ್ಷ. ಶಹಾಪುರದಲ್ಲಿ ಅವರ ಮನೆ. ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂರುತ್ತಾನೆ. ಮುಂದೊಂದು ಸ್ಟೀಲ್ ಡಬ್ಬಿ, ಮುಷ್ಟಿಯಲ್ಲಿ ಶೇಂಗಾ. ತಂಗಿ ಅವನ ಬೆನ್ನ ಹಿಂದೆ ಕೂತು ಒಂದೊಂದೇ ಸದ್ದು ಹೇಳುತ್ತಾಳೆ. ಆ. ಈ. ಊ. ಮ್. ಶ್. ಸ್. ಕೇಳಿಸಿದರೆ ಒಂದು ಶೇಂಗಾ ಡಬ್ಬಿಗೆ. ಆರೂ ಬಿದ್ದರೆ ಅವನ ಕಿವಿಯ ಮಷೀನು ಸರಿಯಿದೆ ಅಂತ ಅರ್ಥ. ಯಾವುದಾದರೂ ತಪ್ಪಿದರೆ ಬ್ಯಾಟರಿ ನೋಡಬೇಕು, ವೈರ್ ನೋಡಬೇಕು. ಇದಾದ ಮೇಲೇ ಮನೆಯಲ್ಲಿ ಚಹಾ.

ಅವನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ನಮಗೆ ಅನುಮಾನ ಬಂದಿದ್ದು ದೀಪಾವಳಿಯಲ್ಲಿ. ಪಕ್ಕದಲ್ಲೇ ಪಟಾಕಿ ಸಿಡಿದರೂ ಮಣ್ಣಲ್ಲಿ ಆಡುತ್ತ ಕೂತಿದ್ದ. ನಮ್ಮ ಸೋದರತ್ತೆ, ಅಂದ್ರೆ ತಂಗಿಯ ಅತ್ತೆ, "ಗಂಡು ಹುಡುಗ್ರು ತಡಾನೇ ಮಾತಾಡ್ತಾರ, ಇವರಪ್ಪನೂ ಹಂಗೇ ಇದ್ದ" ಅಂದರು. ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದಾಯ್ತು. ಶರಣಬಸವೇಶ್ವರ ಗುಡಿಗೆ ಹೋಗಿ ಬಂದಿದ್ದಾಯ್ತು, ಬಂದೇನವಾಜ್ ದರ್ಗಾಕ್ಕೂ ಹೋಗಿ ಬಂದಿದ್ದಾಯ್ತು. ನಂಬಿಕೆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಬ್ಬ ಡಾಕ್ಟರೇ "ಇನ್ನೊಂದು ವರ್ಷ ನೋಡೋಣ" ಅಂದುಬಿಟ್ಟರು. ಹಾಳಾದ ಆ ಒಂದು ವರ್ಷ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ಮಾತು ಕಲಿಯೋ ಮಿದುಳು ಕಾಯುವುದಿಲ್ಲ. ಮೊದಲ ಮೂರು ವರ್ಷದಲ್ಲಿ ಸದ್ದು ಸಿಗದಿದ್ದರೆ ಆಮೇಲೆ ಮಾತು ಕಲಿಯುವುದು ಬಹಳ ಕಷ್ಟ. ಕೂಸು ಹುಟ್ಟಿದ ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ದೋಷ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಆಗಬೇಕು ಅನ್ನುವುದು ಪ್ರಪಂಚವೆಲ್ಲ ಒಪ್ಪಿರುವ ಲೆಕ್ಕ. ಮೊದಲ ಪರೀಕ್ಷೆ, ಒಎಇ ಅಂತಾರೆ, ಕೆಲವೇ ನಿಮಿಷದ್ದು. ನೋವಿಲ್ಲ, ಸೂಜಿಯಿಲ್ಲ. ನಮ್ಮ ಹುಡುಗನಿಗೆ ಬೆರಾ ಪರೀಕ್ಷೆ ಆದಾಗ ಎರಡು ವರ್ಷ ದಾಟಿತ್ತು. ಅವನನ್ನು ಮಲಗಿಸಿ, ಹಣೆಗೆ ಮತ್ತು ಕಿವಿ ಹಿಂದೆ ವೈರ್ ಅಂಟಿಸಿ, ಸದ್ದಿಗೆ ಕಿವಿಯ ನರ ಸ್ಪಂದಿಸುತ್ತದಾ ಅಂತ ನೋಡಿದರು. ಎರಡೂ ಕಿವಿ ಪೂರ್ತಿ ಮಂದ. ಮೂರು ತಿಂಗಳು ಹಿಯರಿಂಗ್ ಏಡ್ ಹಾಕಿದರೂ ಉಪಯೋಗವಾಗಲಿಲ್ಲ.

ಹಿಯರಿಂಗ್ ಏಡ್ ಸದ್ದನ್ನು ಜೋರು ಮಾಡುತ್ತದೆ, ಅಷ್ಟೇ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ಭಾಗವೇ ಕೆಟ್ಟಿದ್ದರೆ ಎಷ್ಟು ಜೋರು ಮಾಡಿ ಏನು ಪ್ರಯೋಜನ? ಕಾಕ್ಲಿಯರ್ ಇಂಪ್ಲಾಂಟ್ ಆ ಸುರುಳಿಯೊಳಗೆ ಸಣ್ಣ ತಂತಿ ಕೂರಿಸಿ ನೇರವಾಗಿ ನರಕ್ಕೇ ಸಂಕೇತ ಕೊಡುತ್ತದೆ. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಎಂಬ ಡಾಕ್ಟರಿಗೆ ಈ ತಂತಿಯನ್ನು ಒಳಗೆ ತೂರಿಸುವುದು ಹೇಗೆ ಅಂತಲೇ ತಲೆನೋವಾಗಿತ್ತಂತೆ. ಸಮುದ್ರದ ದಂಡೆಯಲ್ಲಿ ಸಿಕ್ಕ ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದಾಗ ದಾರಿ ಹೊಳೆಯಿತು. 1978ರಲ್ಲಿ ಮೆಲ್ಬರ್ನ್‌ನಲ್ಲಿ ತಮ್ಮ ಮೊದಲ ರೋಗಿಗೆ ಕೂರಿಸಿದರು. ಕ್ಲಾರ್ಕ್ ಅವರ ಅಪ್ಪನಿಗೂ ಕಿವಿ ಮಂದವಿತ್ತು. ಇದನ್ನು ಓದಿದ ದಿನ ತಂಗಿಗೆ ಫೋನ್ ಮಾಡಿ ಹೇಳಿದ್ದೆ.

ಆಪರೇಷನ್ ಸರ್ಕಾರಿ ಯೋಜನೆಯಲ್ಲಿ ಬೆಂಗಳೂರಲ್ಲಿ ಆಯ್ತು. ಹೊರಗೆ ಮಾಡಿಸಿದ್ದರೆ ಹೊಲ ಮಾರಬೇಕಿತ್ತು. ಕೆಲವು ವಾರ ಬಿಟ್ಟು ಕಿವಿ ಹಿಂದೆ ಹೊರಗಿನ ಮಷೀನು ಹಾಕಿ ಸ್ವಿಚ್ ಆನ್ ಮಾಡಿದಾಗ ಹುಡುಗ ಹೆದರಿ ಕಿರುಚಿ ಅತ್ತ. ತಂಗಿಯೂ ಅತ್ತಳು.

ನಾನು ಹೇಳಬೇಕು ಅಂತ ಕೂತಿರುವುದು ಆಮೇಲಿನ ಮಾತು. ಆಪರೇಷನ್ ಆದ ಕೂಡಲೇ ಮಗು ಮಾತಾಡುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ. ಅವತ್ತು ಅವನ ಕಿವಿಗೆ ಒಂದನೇ ದಿನ. ಅಲ್ಲಿಂದ ಒಂದೆರಡು ವರ್ಷ ಥೆರಪಿ, ಅಂದ್ರೆ ಕೇಳೋದನ್ನೂ ಮಾತಾಡೋದನ್ನೂ ಕಲಿಸೋ ಅಭ್ಯಾಸ, ಬೇಕು. ಮಷೀನಿನ ಸದ್ದು ಹೊಂದಿಸೋಕೆ, ಅಂದ್ರೆ ಮ್ಯಾಪಿಂಗಿಗೆ, ಮತ್ತೆ ಮತ್ತೆ ಹೋಗಬೇಕು. ತಂಗಿ ವಾರಕ್ಕೆರಡು ಸಲ ಜೇವರ್ಗಿ ಮೇಲೆ ಕಲಬುರಗಿಗೆ ಬಸ್ಸಲ್ಲಿ ಹೋಗಿ ಬಂದಳು, ಮಡಿಲಲ್ಲಿ ಮಗು, ಚೀಲದಲ್ಲಿ ಬುತ್ತಿ. ಮ್ಯಾಪಿಂಗಿಗೆ ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು. ಒಮ್ಮೆ ಬೇಸಿಗೆಯಲ್ಲಿ ಬೆವರು ಇಳಿದು ಮಷೀನು ಕೆಟ್ಟಿತು. ರಿಪೇರಿಯಾಗಿ ಬರುವವರೆಗೆ ಹುಡುಗನಿಗೆ ಮತ್ತೆ ಮೌನ. ವೈರ್ ಹೋದರೂ ದುಡ್ಡು, ಬ್ಯಾಟರಿ ಹೋದರೂ ದುಡ್ಡು. ಕೂಲಿ ಮಾಡೋ ತಾಯಿ ಇದನ್ನೆಲ್ಲ ಎಲ್ಲಿಂದ ತರಬೇಕು ಹೇಳಿ? ಆಪರೇಷನ್ನಿಗೆ ಲಕ್ಷಗಟ್ಟಲೆ ಕೊಡುವ ಸರ್ಕಾರ ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಒಬ್ಬ ಥೆರಪಿಸ್ಟ್ ಕೊಡಬೇಕು. ವೈರ್, ಬ್ಯಾಟರಿಯ ಖರ್ಚನ್ನೂ ಸೇರಿಸಬೇಕು. ಇಲ್ಲದಿದ್ದರೆ ಬಡವರ ಮಕ್ಕಳ ಮಷೀನು ಟ್ರಂಕ್ ಸೇರುತ್ತದೆ.

ಇನ್ನೊಂದು ಮಾತು. ತಂಗಿ ಸೋದರತ್ತೆ ಮಗನನ್ನೇ ಮದುವೆಯಾಗಿದ್ದು. ನಮ್ಮ ಕಡೆ ಒಳಸಂಬಂಧ ಜಾಸ್ತಿ. ಇಂಥ ಕಿವುಡು ಬಹಳಷ್ಟು ಸಲ ತಂದೆ ತಾಯಿ ಇಬ್ಬರಿಂದಲೂ ಬಂದಿರುತ್ತದೆ. ಆದರೂ ಓಣಿಯ ಬಾಯಿಗೆ ಸಿಕ್ಕಿದ್ದು ಅವಳೊಬ್ಬಳೇ. "ಗ್ರಹಣದಾಗ ಹೊರಗ ಬಂದಿದ್ದಳು" ಅಂದರು. ದಯವಿಟ್ಟು ಹೀಗೆ ಅನ್ನಬೇಡಿ. ಕಿವಿಯ ನರವೇ ಇಲ್ಲದ ಮಕ್ಕಳಿಗೆ ಈ ಇಂಪ್ಲಾಂಟ್ ಕೆಲಸ ಮಾಡುವುದಿಲ್ಲ. ಅವರಿಗೆ ಕೈಸನ್ನೆಯೇ ಭಾಷೆ. ಅದೂ ಪೂರ್ತಿ ಭಾಷೆಯೇ. ಆ ತಾಯಂದಿರನ್ನೂ ಅನ್ನಬೇಡಿ.

ಸ್ವಿಚ್ ಆನ್ ಆಗಿ ನಾಲ್ಕು ತಿಂಗಳಿಗೆ ಒಂದು ಸಂಜೆ, ಅತ್ತೆ ಒಳಗೆ ಜೋಳದ ರೊಟ್ಟಿ ತಟ್ಟುತ್ತಿದ್ದರು. ಪಟ್ ಪಟ್ ಪಟ್. ಪಡಸಾಲೆಯಲ್ಲಿ ಆಡುತ್ತಿದ್ದ ಹುಡುಗ ಕೈಯಲ್ಲಿದ್ದ ಲಾರಿ ಬಿಟ್ಟು ಅಡುಗೆಮನೆ ಕಡೆ ತಿರುಗಿದ. ಅತ್ತೆ ಕೈ ನಿಲ್ಲಿಸಿದರು. ಅವನು ಕಾದ. ಮತ್ತೆ ತಟ್ಟಿದರು. ನಕ್ಕ. ಅವತ್ತು ಹಿಟ್ಟು ಮುಗಿಯುವವರೆಗೂ ಅತ್ತೆ ರೊಟ್ಟಿ ತಟ್ಟಿದರು.